ನಗದವನ ಮುಖ ನೋಡಿ: ವಿಜಯಪುರದಲ್ಲಿ ಕೂತು ಬ್ರಿಟಿಷ್ ಕಾಮಿಡಿ ಚಿತ್ರ ನೋಡುವುದು ಹೇಗೆ

ನಾವು ಮೊದಲ ಸಲ ಹಾಕಿದ ಬ್ರಿಟಿಷ್ ಕಾಮಿಡಿ ಚಿತ್ರ ಸರಿಯಾಗಿ ಎರಡು ನಿಮಿಷ ಓಡಿತು. ಚಿತ್ರದ ಹೆಸರು 'ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್', 1975ರದ್ದು. ಶುರುವಿನಲ್ಲಿ ಹೆಸರುಗಳು ಬರುತ್ತಿದ್ದ ಹಾಗೇ ಕೆಳಗೆ ಸ್ವೀಡಿಷ್ ತರಹದ ಸಬ್‌ಟೈಟಲ್ ಬರತೊಡಗಿತು. ದೋಸ್ತ ರಿಮೋಟ್ ಹಿಡಿದ, ಸೆಟ್ಟಿಂಗ್‌ಗೆ ಹೋದ, ಸಬ್‌ಟೈಟಲ್ ಬಂದ್ ಮಾಡಿದ, ಹೋಗಲಿಲ್ಲ. "ಫೈಲೇ ಕೆಟ್ಟೈತಿ, ತಗಿ ಲೇ" ಅಂದೆ ನಾನು. ತೆಗೆದು ಕ್ರಿಕೆಟ್ ಹಾಕಿದೆವು. ಆರು ತಿಂಗಳಾದ ಮೇಲೆ ಗೊತ್ತಾಯಿತು, ಅದೇ ಆ ಚಿತ್ರದ ಮೊದಲ ಜೋಕು. ಆ ಸಬ್‌ಟೈಟಲನ್ನು ಚಿತ್ರ ಮಾಡಿದವರೇ ಬೇಕಂತ ಹಾಕಿದ್ದರು. ಸ್ವಲ್ಪ ಹೊತ್ತಿಗೆ ಅದನ್ನು ಬರೆದವರನ್ನು ಕೆಲಸದಿಂದ ತೆಗೆದಿದ್ದೇವೆ, ಕ್ಷಮಿಸಿ ಅಂತ ಪರದೆ ಮೇಲೆ ಬರುತ್ತದೆ. ಆಮೇಲೆ, ತೆಗೆದವರನ್ನೂ ತೆಗೆದಿದ್ದೇವೆ ಅಂತ ಇನ್ನೊಂದು ಬರುತ್ತದೆ. ಅಷ್ಟು ಗಂಭೀರವಾಗಿ ನಮಗೆ ಟೋಪಿ ಹಾಕಿದ್ದರು, ನಾವು ಹಾಕಿಸಿಕೊಂಡೂ ಇದ್ದೆವು.

ನಾವು ಅಂದರೆ ನಾಲ್ಕು ಜನ. ನಾನು, ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ದೋಸ್ತ, ಬಿ.ಎಡ್ ಓದುತ್ತಿರುವ ಅವನ ತಂಗಿ, ಮತ್ತೆ ನಮ್ಮ ಕಾಕಾ. ಭಾನುವಾರ ರಾತ್ರಿ ಬಿಸಿಲು ಇಳಿದ ಮೇಲೆ ದೋಸ್ತನ ಮನೆಯ ಪಡಸಾಲೆಯಲ್ಲಿ ಕೂಡುತ್ತೇವೆ. ಕಾಕಾ ವಯಸ್ಸಿನಲ್ಲಿದ್ದಾಗ ಜಾತ್ರೆ ನಾಟಕಗಳಲ್ಲಿ ಹಾಸ್ಯದ ಪಾರ್ಟು ಮಾಡುತ್ತಿದ್ದವರು. ಇಂಗ್ಲಿಷ್ ಅಕ್ಷರ ಓದುತ್ತಾರೆ, ಓಡುವ ಸಬ್‌ಟೈಟಲ್ ಹಿಡಿಯುವಷ್ಟು ಬರುವುದಿಲ್ಲ. ಆದರೂ ಈ ಚಿತ್ರಗಳು ನಮ್ಮೆಲ್ಲರಿಗಿಂತ ಮೊದಲು ಹತ್ತಿದ್ದು ಅವರಿಗೇ. ಒಂದು ರಾತ್ರಿ ನಾವು ಮೂರೂ ಜನ ಮಿಕಿಮಿಕಿ ನೋಡುತ್ತಿದ್ದಾಗ ಅವರೊಬ್ಬರೇ ಬಿದ್ದು ಬಿದ್ದು ನಗುತ್ತಿದ್ದರು. "ಏನ್ ಕಾಕಾ, ಏನ್ ತಿಳೀತು?" ಅಂದೆ. "ಮಾತಾಡಾಂವನ್ನ ಯಾಕ ನೋಡ್ತೀಯೋ ತಮ್ಮಾ, ಕೇಳಾಂವನ ಮಾರಿ ನೋಡು" ಅಂದರು. ಇದನ್ನು ಬರೆಯಲು ಕೂತಿದ್ದೇ ಆ ಒಂದು ಮಾತಿನ ಸಲುವಾಗಿ.

ನಮಗೆ ರೂಢಿಯಾದ ಕಾಮಿಡಿಯಲ್ಲಿ ಜೋಕು ಹೇಳುವವನೇ ರಾಜ. ಅವನು ಹೇಳುತ್ತಾನೆ, ಕ್ಯಾಮೆರಾ ಅವನ ಮೇಲೆ ಇರುತ್ತದೆ, ಹಿಂದೆ ಒಂದು "ಟುಂಯ್" ಸದ್ದು ಬರುತ್ತದೆ, ಇಲ್ಲಿ ನಗಬೇಕು ಅಂತ ನಮಗೆ ಗೊತ್ತಾಗುತ್ತದೆ. ಬ್ರಿಟಿಷರ ಚಿತ್ರದಲ್ಲಿ ಆ ಟುಂಯ್ ಇರುವುದಿಲ್ಲ. ಹೇಳುವವನು ರೇಷನ್ ಕಾರ್ಡಿನ ಅರ್ಜಿ ಓದುವ ಹಾಗೆ ಸಪ್ಪೆ ದನಿಯಲ್ಲಿ ಹೇಳುತ್ತಾನೆ. ತಮಾಷೆ ಇರುವುದು ಪಕ್ಕದಲ್ಲಿ ನಿಂತವನ ಮುಖದಲ್ಲಿ. ಮರ್ಯಾದೆ ಬಿಡಲಾಗದೆ, ಸಿಟ್ಟು ತೋರಿಸಲಾಗದೆ, ನಗಲೂ ಆಗದೆ ಒದ್ದಾಡುತ್ತಾನಲ್ಲ, ಅವನ ಮುಖದಲ್ಲಿ.

ಶುರು ಎಲ್ಲಿಂದ ಮಾಡಬೇಕು

ನಮ್ಮ ಹಾಗೆ ಹೋಲಿ ಗ್ರೇಲ್‌ನಿಂದ ಬೇಡ. ಅದು ಕೊನೆಗೆ ಇರಲಿ.

ಮಿಸ್ಟರ್ ಬೀನ್ ನಿಮಗೆ ಗೊತ್ತೇ ಇದೆ. ಟಿವಿ ಸರಣಿಯಾಗಿ 1990ರಿಂದ 1995ರ ತನಕ ಮಾಡಿದ್ದು ಬರೀ 15 ಕಂತು, ಆದರೆ ನಮ್ಮ ಕಡೆ ಅಂಗನವಾಡಿ ಮಕ್ಕಳಿಗೂ ಆ ಮನುಷ್ಯನ ಮುಖ ಗೊತ್ತು. 2007ರ 'ಮಿಸ್ಟರ್ ಬೀನ್ಸ್ ಹಾಲಿಡೇ' ನೋಡಿದ್ದರೆ ನೀವು ಆಗಲೇ ಒಂದು ಬ್ರಿಟಿಷ್ ಕಾಮಿಡಿ ಚಿತ್ರ ನೋಡಿದಂತೆ. ಅದು ಮಕ್ಕಳದ್ದು ಅಂತ ಮೂಗು ಮುರಿಯುವವರ ಮಾತು ಕೇಳಬೇಡಿ. ಆದರೆ ಅಲ್ಲೇ ನಿಂತುಬಿಡಬೇಡಿ, ಯಾಕೆಂದರೆ ಬೀನ್ ಮುಖದಲ್ಲಿ ಎಲ್ಲವೂ ಜಾಸ್ತಿ. ಬ್ರಿಟಿಷ್ ಕಾಮಿಡಿಯ ರೂಢಿ ಮುಖದಲ್ಲಿ ಕಡಿಮೆ ತೋರಿಸುವುದು.

ಅದಕ್ಕೆ ಎರಡನೆಯದಾಗಿ 'ವ್ಯಾಲೆಸ್ ಅಂಡ್ ಗ್ರೊಮಿಟ್: ದಿ ಕರ್ಸ್ ಆಫ್ ದಿ ವೇರ್-ರ‍್ಯಾಬಿಟ್' ಹಾಕಿ. 2005ರದ್ದು, ಬ್ರಿಸ್ಟಲ್ ಊರಿನ ಆರ್ಡ್‌ಮನ್ ಸ್ಟುಡಿಯೋದವರು ಜೇಡಿಯಂಥ ಮೆತ್ತನೆ ವಸ್ತುವಿನ ಗೊಂಬೆಗಳನ್ನು ಒಂದೊಂದು ಚೌಕಟ್ಟಿಗೂ ಕೂದಲೆಳೆಯಷ್ಟು ಸರಿಸುತ್ತಾ ಫೋಟೋ ತೆಗೆದು ಮಾಡಿದ್ದು. ಆಸ್ಕರ್ ಕೂಡ ಬಂತು. ಕಥೆ ಇಷ್ಟೇ, ಊರಲ್ಲಿ ದೊಡ್ಡ ತರಕಾರಿ ಬೆಳೆಯುವ ಸ್ಪರ್ಧೆ ಇದೆ, ರಾತ್ರಿ ಯಾವುದೋ ಭಯಂಕರ ಮೊಲ ಬಂದು ಎಲ್ಲಾ ತಿಂದು ಹೋಗುತ್ತಿದೆ. ಧಾರವಾಡದ ಕೃಷಿ ಮೇಳದಲ್ಲಿ ಯಾರದೋ ದೈತ್ಯ ಕುಂಬಳಕಾಯಿ ಎದುರು ನಿಂತು "ನಮ್ಮ ಹೊಲದಾಗಿನ್ದು ಇದಕ್ಕಿಂತ ದೊಡ್ಡದಿತ್ತು" ಅಂದ ಮನುಷ್ಯ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತಾನೆ, ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ನೋಡಬೇಕಾದ್ದು ಗ್ರೊಮಿಟ್ ಎಂಬ ನಾಯಿಯನ್ನು. ಅದಕ್ಕೆ ಬಾಯಿಯೇ ಇಲ್ಲ. ಬರೀ ಹುಬ್ಬು. ಯಜಮಾನ ವ್ಯಾಲೆಸ್ ಏನೋ ಹುಚ್ಚು ಯಂತ್ರ ಕಟ್ಟಿ ಖುಷಿಯಿಂದ ಮಾತಾಡುತ್ತಲೇ ಇರುತ್ತಾನೆ, ಗ್ರೊಮಿಟ್ ಒಂದು ಹುಬ್ಬು ಸ್ವಲ್ಪ ಇಳಿಸುತ್ತದೆ. ಮುಗಿಯಿತು. ಆ ಹುಬ್ಬು ಇಳಿದಾಗ ನಿಮಗೆ ನಗು ಬಂದರೆ ಮುಂದಿನ ಚಿತ್ರಗಳು ತಾವೇ ದಾರಿ ಬಿಡುತ್ತವೆ.

'ಪ್ಯಾಡಿಂಗ್‌ಟನ್ 2' ಸಹ ಆಗಬಹುದು, 2017ರದ್ದು. ಮನೆ ಮಂದಿಯೆಲ್ಲಾ ಕೂತು ನೋಡಬಹುದಾದ ಚಿತ್ರ, ಅದರ ಬಗ್ಗೆ ಜಾಸ್ತಿ ಹೇಳುವುದೇ ಬೇಡ, ಹಾಕಿಬಿಡಿ.

ಅಡ್ಡಿ ಇಲ್ರಿ

ಇಂಗ್ಲಿಷರ ಹಾಸ್ಯ ನಮಗೆ ತಿಳಿಯುವುದಿಲ್ಲ ಅನ್ನುವುದು ಸುಳ್ಳು. ಉತ್ತರ ಕರ್ನಾಟಕದವರಿಗೆ ಅದು ಬೇಗ ಹತ್ತಬೇಕು, ಯಾಕೆಂದರೆ ನಾವು ದಿನಾ ಮಾತಾಡುವುದೇ ಹಾಗೆ.

ಕಣ ತುಂಬ ತೊಗರಿ ಬಿದ್ದ ರೈತನನ್ನು ಈ ಸಲ ಬೆಳೆ ಹೆಂಗ್ರಿ ಅಂತ ಕೇಳಿ. "ಅಡ್ಡಿ ಇಲ್ರಿ" ಅಂತಾನೆ. ಅಷ್ಟೇ. ಬೆಳೆ ಪೂರ್ತಿ ಹೋದ ವರ್ಷವೂ "ಏನೋ ನಡದೈತ್ರಿ" ಅಂತಾನೆ. ಇಂಗ್ಲಿಷರ 'ನಾಟ್ ಬ್ಯಾಡ್' ಅಂದರೆ ಇದೇ ಅಡ್ಡಿ ಇಲ್ರಿ, ಒಂದು ಗುಲಗಂಜಿ ಆಚೆ ಈಚೆ ಇಲ್ಲ. ಹತ್ತು ಗಂಟೆಗೆ ಬರಬೇಕಾದವನು ಹನ್ನೆರಡಕ್ಕೆ ಬಂದರೆ ನಾವು ಬೈಯುತ್ತೇವೆಯೇ? "ಬರ್ರಿ ಸಾಹೇಬ್ರ, ಭಾಳ ಲಗೂ ಬಂದ್ರಿ" ಅಂತೀವಿ. ಗಾಡಿಗೆ ಪೆಟ್ರೋಲ್ ಹಾಕಿಸದೆ ಸಿಂದಗಿಗೆ ಹೊರಟು ಅರ್ಧ ದಾರಿಯಲ್ಲಿ ನಿಂತವನಿಗೆ "ಭಾಳ ಶ್ಯಾಣ್ಯಾ ಅದೀ ಬಿಡಪಾ" ಅಂತೀವಿ. ಶ್ಯಾಣ್ಯಾ ಅಂದರೆ ಜಾಣ ಅಂತ ಅರ್ಥ ಬರೆದುಕೊಂಡು ಹೋದ ಪರದೇಶಿ ನಮ್ಮ ಊರಲ್ಲಿ ಏನು ಪಜೀತಿ ಪಡುತ್ತಾನೋ, ಬರೀ ಡಿಕ್ಷನರಿ ಹಿಡಿದು ಅವರ ಚಿತ್ರ ನೋಡಿದರೆ ನಮ್ಮದೂ ಅದೇ ಪಜೀತಿ.

ಇನ್ನು 'ರಿ'. ಯಾರಿಗಾದರೂ ಸರಿಯಾಗಿ ಬಾರಿಸಬೇಕಾದರೆ ನಾವು ರಿ ತೆಗೆಯುವುದಿಲ್ಲ, ಇನ್ನೊಂದು ಸೇರಿಸುತ್ತೇವೆ. "ತಪ್ಪು ತಿಳ್ಕೋಬ್ಯಾಡ್ರಿ, ನಿಮಗ ತಲಿ ಐತೇನ್ರಿ?" ಇಂಗ್ಲಿಷರ 'ವಿತ್ ರೆಸ್ಪೆಕ್ಟ್' ಇದೇ ಜಾತಿಯದು. ಚಿತ್ರದಲ್ಲಿ ಯಾರಾದರೂ ಹಾಗೆ ಅಂದರೆ ಮುಂದೆ ಏಟು ಬೀಳಲಿದೆ ಅಂತ ತಿಳಿಯಿರಿ. 'ಐ ಆಮ್ ಅಫ್ರೇಡ್' ಅಂದರೆ ಅವನು ಹೆದರಿಲ್ಲ, "ಅದು ಆಗಂಗಿಲ್ರಿ" ಅನ್ನುತ್ತಿದ್ದಾನೆ. 'ಕ್ವೈಟ್ ಗುಡ್' ಅಂದಾಗ ಬಹಳ ಸಲ ಹೊಗಳಿಕೆ ಕಡಿಮೆಯೇ ಇರುತ್ತದೆ, ಹೊಸ ಸೊಸೆ ಮಾಡಿದ ಬದನೆಕಾಯಿ ಎಣ್ಣೆಗಾಯಿಗೆ ಅತ್ತೆ "ಪರವಾಗಿಲ್ಲ" ಅಂದ ಹಾಗೆ. ಕಾಲು ತುಳಿಸಿಕೊಂಡವನೇ 'ಸಾರಿ' ಅನ್ನುತ್ತಾನೆ, ಅದಕ್ಕೆ ಅರ್ಥ ಹುಡುಕಲು ಹೋಗಬೇಡಿ, ಅದು ಕೆಮ್ಮಿದ ಹಾಗೆ.

ನಮಗೆ ಇನ್ನೊಂದು ಅನುಕೂಲ ಇದೆ. ನಾವು ಕಲಿತ ಇಂಗ್ಲಿಷ್ ಹೆಚ್ಚುಕಮ್ಮಿ ಅವರದ್ದೇ. ಲಿಫ್ಟ್, ಪೆಟ್ರೋಲ್, ಗ್ರೌಂಡ್ ಫ್ಲೋರ್ ಇವೆಲ್ಲಾ ಅಮೆರಿಕದವನಿಗೆ ಹೊಸದು, ನಮಗಲ್ಲ. ಆದರೆ 'ಪ್ಯಾಂಟ್ಸ್' ಬಂದಾಗ ಹುಷಾರು. ಅಲ್ಲಿ ಅದು ಒಳಗೆ ಹಾಕುವುದು, ಹೊರಗೆ ಹಾಕುವುದು ಟ್ರೌಸರ್ಸ್. ಇದು ಗೊತ್ತಿಲ್ಲದೆ ಎಷ್ಟು ಜೋಕು ಬಿಟ್ಟಿದ್ದೇವೋ.

ಕೂರುವ ವ್ಯವಸ್ಥೆ

ಹಿಂದಿ ಡಬ್ಬಿಂಗ್ ಬೇಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಡಬ್ಬಿಂಗ್‌ನವರು ಸಪ್ಪೆ ದನಿಗೆ ಮಸಾಲೆ ಹಾಕುತ್ತಾರೆ, ಆಗ ಜೋಕೇ ಸಾಯುತ್ತದೆ. ಮೂಲ ದನಿ, ಇಂಗ್ಲಿಷ್ ಸಬ್‌ಟೈಟಲ್. ಮೊದಲ ಇಪ್ಪತ್ತು ನಿಮಿಷ ಯಾರೂ ಮೊಬೈಲ್ ಮುಟ್ಟಬಾರದು, ಯಾರು ಯಾರಿಗೆ ಏನಾಗಬೇಕು, ಯಾರು ಮೇಲು ಯಾರು ಕೆಳಗೆ ಅನ್ನುವುದನ್ನು ಅವರು ಆ ಇಪ್ಪತ್ತು ನಿಮಿಷದಲ್ಲೇ ಜೋಡಿಸಿಟ್ಟಿರುತ್ತಾರೆ, ನಗು ಬರುವುದು ಆಮೇಲೆ. ಇಂಟರ್ವಲ್ ಇರುವುದಿಲ್ಲ. ನಮಗೆ ಇಂಟರ್ವಲ್ ಇಲ್ಲದೆ ಆಗುವುದಿಲ್ಲ, ಅದಕ್ಕೆ ನಡುವೆ ಎಲ್ಲಾದರೂ ನಿಲ್ಲಿಸಿ ಚಹಾ ಮಾಡಿ. ಹಳೆಯ ಚಿತ್ರಗಳು ಸುಮಾರು ಒಂದೂವರೆ ಗಂಟೆಯವು, ಮಿರ್ಚಿ ಭಜಿ ತಣ್ಣಗಾಗುವ ಮೊದಲೇ ಅರ್ಧ ಮುಗಿದಿರುತ್ತದೆ.

ವಿವರಿಸುವವರನ್ನು ಸುಮ್ಮನಿರಿಸಿ. ದೋಸ್ತನ ತಂಗಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಮೊದಮೊದಲು ಪ್ರತಿ ಮಾತಿಗೂ ನಿಲ್ಲಿಸಿ "ಅಣ್ಣಾ, ಇಲ್ಲಿ ಏನಂದ್ರ..." ಅಂತ ಹೇಳುತ್ತಿದ್ದಳು. ಪಾಪ, ಒಳ್ಳೆಯದಕ್ಕೇ. ಆದರೆ ಒಂದೂವರೆ ಗಂಟೆಯ ಚಿತ್ರ ಮೂರು ಗಂಟೆ ಆಯಿತು, ನಗು ಒಂದೂ ಬರಲಿಲ್ಲ. ಈಗ ನಮ್ಮ ಕರಾರು ಏನೆಂದರೆ, ವಿವರಣೆ ಎಲ್ಲಾ ಚಹಾ ಹೊತ್ತಿಗೆ. ತಿಳಿಯದಿದ್ದರೆ ತಿಳಿಯಲಿಲ್ಲ, ಮುಂದೆ ಹೋಗಿ.

ಮನೆ ಮಂದಿ ಜೊತೆ ನೋಡುವ ಮೊದಲು ಸರ್ಟಿಫಿಕೇಟ್ ನೋಡಿ. ಅವರಲ್ಲಿ ಯು, ಪಿಜಿ, 12ಎ, 15, 18 ಅಂತ ಇವೆ. 15 ಅಂತ ಇದ್ದರೆ ಬೈಗುಳ ಧಾರಾಳ ಇರಬಹುದು ಅಂತ ತಿಳಿದುಕೊಂಡೇ ಕೂರಿ. ಇದನ್ನು ನಾನು ಕಲಿತಿದ್ದು 1997ರ 'ದಿ ಫುಲ್ ಮಾಂಟಿ' ಹಾಕಿದ ದಿನ. ಶೆಫೀಲ್ಡ್ ಊರಿನ ಉಕ್ಕಿನ ಕಾರ್ಖಾನೆಗಳು ಮುಚ್ಚಿ ಕೆಲಸ ಕಳೆದುಕೊಂಡ ಗಂಡಸರು, ಹೊಟ್ಟೆಪಾಡಿಗೆ ವೇದಿಕೆ ಮೇಲೆ ಬಟ್ಟೆ ಬಿಚ್ಚುವ ಕುಣಿತ ಕಲಿಯುವ ಕಥೆ. ಕಥೆ ಏನು ಅಂತ ನೋಡದೆ ಹಾಕಿಬಿಟ್ಟಿದ್ದೆ, ಹಿಂದೆ ನನ್ನ ಅತ್ತೆ ಅವರೆಕಾಯಿ ಸೋಸುತ್ತಾ ಕೂತಿದ್ದಾರೆ. ರಿಮೋಟ್ ಸಿಗುತ್ತಿಲ್ಲ. ಆಗ ಆ ದೃಶ್ಯ ಬಂತು: ನಿರುದ್ಯೋಗಿಗಳು ಭತ್ಯೆಗಾಗಿ ಸರದಿಯಲ್ಲಿ ನಿಂತಿದ್ದಾರೆ, ರೇಡಿಯೋದಲ್ಲಿ ಹಾಡು ಬರುತ್ತದೆ, ಒಬ್ಬನ ಭುಜ ಸ್ವಲ್ಪ ಅಲುಗುತ್ತದೆ, ಇನ್ನೊಬ್ಬನ ಸೊಂಟ. ಯಾರೂ ಯಾರನ್ನೂ ನೋಡುವುದಿಲ್ಲ, ಮುಖ ಮಾತ್ರ ಸರದಿಯಲ್ಲಿ ನಿಂತವನದ್ದೇ, ಮೈ ಅದರ ಪಾಡಿಗೆ ಕುಣಿಯುತ್ತಿದೆ. ಅತ್ತೆ ಮುಸಿಮುಸಿ ನಕ್ಕರು. ಕೊನೆಗೆ ಎದ್ದು ಹೋಗುವಾಗ ಅಂದಿದ್ದು ಇಷ್ಟೇ: "ಪಾಪ, ಕೆಲಸ ಹೋದ್ರ ಗಂಡಸು ಮತ್ತೇನ್ ಮಾಡ್ಯಾನು." ನಾಚಿಕೆಯಿಂದ ಬೆವರಿದ್ದು ನಾನೊಬ್ಬನೇ.

ಆಯಿ ಮತ್ತು ಐದು ಕಳ್ಳರು

ಈಗ ಹಳೆಯ ಚಿತ್ರಗಳಿಗೆ ಬರೋಣ, ನನ್ನ ಜೀವ ಇರುವುದು ಅಲ್ಲೇ. ಪಶ್ಚಿಮ ಲಂಡನ್ನಿನ ಈಲಿಂಗ್ ಎಂಬಲ್ಲಿ ಒಂದು ಸ್ಟುಡಿಯೋ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಹತ್ತು ವರ್ಷದಲ್ಲಿ ಅಲ್ಲಿ ಸಾಲಾಗಿ ಕಾಮಿಡಿಗಳು ಬಂದವು. 1949 ಒಂದೇ ವರ್ಷದಲ್ಲಿ ಹೆಸರಾದವೇ ಮೂರು. ಹೆಚ್ಚಿನವು ಕಪ್ಪು ಬಿಳುಪು, ಅದಕ್ಕೆ ಹಿಂಜರಿಯಬೇಡಿ.

ಮೊದಲು 1955ರ 'ದಿ ಲೇಡಿಕಿಲ್ಲರ್ಸ್' ನೋಡಿ, ಇದು ಬಣ್ಣದ್ದೇ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ ಹತ್ತಿರ ಒಂದು ವಾಲಿದ ಮನೆ, ಅದರಲ್ಲಿ ಒಬ್ಬ ವಿಧವೆ ಆಯಿ, ಸಾಕಿದ ಗಿಳಿಗಳು. ಕೋಣೆ ಬಾಡಿಗೆಗೆ ಕೇಳಿಕೊಂಡು ಒಬ್ಬ ಪ್ರೊಫೆಸರ್ ಬರುತ್ತಾನೆ, ಅಲೆಕ್ ಗಿನ್ನೆಸ್ ಮಾಡಿದ ಪಾತ್ರ, ಹಲ್ಲು ನೋಡಿದರೇ ಭಯ ಆಗಬೇಕು. ಅವನ ಜೊತೆ ಇನ್ನೂ ನಾಲ್ಕು ಜನ. ನಾವು ಸಂಗೀತದವರು, ತಾಲೀಮು ಮಾಡುತ್ತೇವೆ ಅಂತಾರೆ. ನಿಜವಾಗಿ ದರೋಡೆಯ ಪ್ಲಾನ್ ಮಾಡುವವರು. ಬಾಗಿಲು ಹಾಕಿಕೊಂಡು ಗ್ರಾಮೊಫೋನ್ ಹಚ್ಚಿಡುತ್ತಾರೆ, ಹೊರಗೆ ಆಯಿ ಆನಂದದಿಂದ ಕೇಳುತ್ತಾಳೆ. ಸರಿಯಾಗಿ ಗುಟ್ಟಿನ ಮಾತು ಬಂದಾಗ ಬಾಗಿಲು ತಟ್ಟುತ್ತಾಳೆ: ಚಹಾ ಬೇಕೇನು? ಐದೂ ಜನ ಧಡಪಡಿಸಿ ವಾದ್ಯ ಎತ್ತಿಕೊಂಡು ಸಭ್ಯರ ಹಾಗೆ ಕೂರುತ್ತಾರೆ.

ಇಲ್ಲಿ ಕಾಕಾ ಹೇಳಿದ ಹಾಗೆ ಮಾಡಿ. ಆಯಿಯನ್ನು ನೋಡಬೇಡಿ, ಅವಳು ಸುಮ್ನೆ ಚಹಾ ಕೊಡುತ್ತಿದ್ದಾಳೆ. ಕಳ್ಳರ ಮುಖ ನೋಡಿ. ಒಬ್ಬನಿಗೆ ಮುದುಕಿಯರನ್ನು ಕಂಡರೆ ಆಗುವುದಿಲ್ಲ, ಇನ್ನೊಬ್ಬ ಗೂಳಿಯಂಥವನು ಆದರೆ ಆಯಿ ಎದುರು ಮೆತ್ತಗೆ, ಇನ್ನೊಬ್ಬ ಹುಡುಗ ಪೀಟರ್ ಸೆಲ್ಲರ್ಸ್, ಆಗಿನ್ನೂ ಅಷ್ಟು ದೊಡ್ಡ ಹೆಸರಲ್ಲ. ಗಿಳಿ ತಪ್ಪಿಸಿಕೊಂಡರೆ ಅದನ್ನು ಹಿಡಿಯಲು ಕಳ್ಳರೇ ಓಡಬೇಕು. ಯಾಕೆ? ಆಯಿ ಹೇಳಿದ್ದಾಳೆ, ಅದಕ್ಕೆ. ವಿಜಯಪುರದ ಯಾವುದೇ ಹಳೆಯ ವಾಡೆಯಲ್ಲಿ ಬಾಡಿಗೆಗೆ ಇದ್ದು ಮನೆ ಮಾಲಕಿ ಆಯಿ "ಏ ತಮ್ಮಾ, ಹಿಟ್ಟು ಬೀಸಿಸ್ಕೊಂಡು ಬಾ" ಅಂದಾಗ ಎದ್ದು ಹೋದವರಿಗೆ ಇದನ್ನು ವಿವರಿಸಬೇಕೇನು? ಕೊನೆ ಹೇಳುವುದಿಲ್ಲ.

1949ರ 'ಪಾಸ್‌ಪೋರ್ಟ್ ಟು ಪಿಮ್ಲಿಕೊ' ಇನ್ನೊಂದು. ಲಂಡನ್ನಿನ ಪಿಮ್ಲಿಕೊ ಎಂಬಲ್ಲಿನ ಒಂದು ಓಣಿಯಲ್ಲಿ, ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದಿದ್ದ ಬಾಂಬು ಸಿಡಿಯುತ್ತದೆ, ಕೆಳಗೆ ನಿಧಿ ಮತ್ತು ಒಂದು ಹಳೇ ಕಾಗದ ಸಿಗುತ್ತದೆ, ಕಾಗದದ ಪ್ರಕಾರ ಆ ಓಣಿ ಇಂಗ್ಲೆಂಡಿನದ್ದೇ ಅಲ್ಲ, ಫ್ರಾನ್ಸ್ ಕಡೆಯ ಹಳೇ ಸಂಸ್ಥಾನ ಬರ್ಗಂಡಿಯದು. ಬೇರೆ ದೇಶ ಅಂದಮೇಲೆ ರೇಷನ್ ಕಾಯ್ದೆ ನಡೆಯುವುದಿಲ್ಲ ಅಲ್ವಾ? ಜನ ರೇಷನ್ ಪುಸ್ತಕ ಹರಿದು ಹಾಕುತ್ತಾರೆ. ಸರ್ಕಾರ ಸುತ್ತ ತಂತಿ ಬೇಲಿ ಹಾಕುತ್ತದೆ. ಇದನ್ನು ನೋಡುವಾಗ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ: ಯುದ್ಧ ಗೆದ್ದ ದೇಶ ಅದು, ಆದರೆ ಅಲ್ಲಿ ರೇಷನ್ ಪೂರ್ತಿ ಹೋಗಿದ್ದು 1954ಕ್ಕೆ. ಆಗ ಆ ರೇಷನ್ ಪುಸ್ತಕ ಹರಿಯುವ ಸದ್ದು ಬೇರೆಯೇ ಕೇಳುತ್ತದೆ. ಗಡಿ, ಕಾಗದ, ಯಾವ ಓಣಿ ಯಾರದ್ದು ಅನ್ನುವ ತಕರಾರು ಬೆಳಗಾವಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬಾಗಲಕೋಟೆಯವರಿಗೂ ಇದು ಹತ್ತುತ್ತದೆ. ನಮ್ಮ ಸೋದರಮಾವನ ಹಳೇ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಯಾವ ಕಚೇರಿ ಅಂತ ಬೇಡ, ಒಂದು ಕಡೆ ಅವರನ್ನು "ಮನಿ ಅಲ್ಲೇ ಇತ್ತು ಅನ್ನೂದಕ್ಕ ಸ್ಥಳ ತೋರಸ್ರಿ" ಅಂದರಂತೆ. "ಬರ್ರಿ ಸಾಹೇಬ್ರ, ದೋಣಿ ತರ್ತೀನಿ" ಅಂದರಂತೆ ಮಾವ. ಅವರು ಹೇಳಿದ ದನಿ ಇದೆಯಲ್ಲ, ಸಿಟ್ಟು ಒಂದು ಹನಿ ಹೊರಗೆ ಬರದ ದನಿ, ಈಲಿಂಗ್ ಚಿತ್ರಗಳ ದನಿ ಅದೇ.

ಮೂರನೆಯದು 'ವಿಸ್ಕಿ ಗೆಲೋರ್', ಅದೇ 1949. ನಿಜವಾಗಿ ನಡೆದ ಘಟನೆಯಿಂದ ಹುಟ್ಟಿದ ಕಥೆ. 1941ರಲ್ಲಿ ಎಸ್‌ಎಸ್ ಪಾಲಿಟಿಷಿಯನ್ ಎಂಬ ಹಡಗು ಸ್ಕಾಟ್ಲೆಂಡಿನ ಎರಿಸ್ಕೆ ದ್ವೀಪದ ಹತ್ತಿರ ನೆಲ ತಾಗಿ ಸಿಕ್ಕಿಹಾಕಿಕೊಂಡಿತು, ಒಳಗೆ ರಾಶಿ ವಿಸ್ಕಿ, ದ್ವೀಪದವರು ರಾತ್ರಿ ದೋಣಿ ಬಿಟ್ಟರು. ಚಿತ್ರದಲ್ಲಿ ಅಧಿಕಾರಿಗಳು ತಪಾಸಣೆಗೆ ಬಂದಾಗ ಊರಿಗೆ ಊರೇ ಬಾಟಲಿ ಬಚ್ಚಿಡುತ್ತದೆ. ಗೋವಾದಿಂದ ಬೆಳಗಾವಿಗೆ ಬರುವ ಬಸ್ಸು ಅಬಕಾರಿ ಚೆಕ್‌ಪೋಸ್ಟ್‌ನಲ್ಲಿ ನಿಂತಾಗ ಒಮ್ಮೆಲೇ ಗಾಢ ನಿದ್ದೆಗೆ ಹೋಗುವ ಜನರನ್ನು ನೀವು ನೋಡಿರಬಹುದು, ಅವೇ ಮುಖಗಳು. ಇನ್ನೂ ಮಜಾ ಏನೆಂದರೆ ಹಡಗು ಕಣ್ಣೆದುರು ಮುಳುಗುತ್ತಿದ್ದರೂ ಭಾನುವಾರ ದೇವರ ದಿನ ಅಂತ ಆ ಜನ ಮುಟ್ಟುವುದಿಲ್ಲ, ದಿನ ಕಳೆಯುವ ತನಕ ದಡದಲ್ಲಿ ಚಡಪಡಿಸುತ್ತಾ ಕಾಯುತ್ತಾರೆ. ಶ್ರಾವಣ ಸೋಮವಾರ ರಾತ್ರಿ ಹನ್ನೆರಡು ಬಡಿಯುವುದನ್ನೇ ನೋಡುತ್ತಾ ಕೂತ ಒಬ್ಬರು ನಮ್ಮ ಪರಿಚಯದವರಲ್ಲೂ ಇದ್ದಾರೆ.

ಅವರಲ್ಲೂ ಒಂದು ಉತ್ತರದ ಕಡೆ ಇದೆ

ಎಲ್ಲಾ ಇಂಗ್ಲಿಷರೂ ಒಂದೇ ಇಂಗ್ಲಿಷ್ ಮಾತಾಡುವುದಿಲ್ಲ. ಲಿವರ್‌ಪೂಲ್‌ನವರದ್ದು ಬೇರೆ, ನ್ಯೂಕ್ಯಾಸಲ್‌ನವರದ್ದು ಬೇರೆ, ಯಾರ್ಕ್‌ಶೈರ್, ಸ್ಕಾಟ್ಲೆಂಡ್, ವೇಲ್ಸ್, ಲಂಡನ್ನಿನ ಪೂರ್ವದ ಓಣಿಗಳು, ಒಂದೊಂದಕ್ಕೂ ಒಂದೊಂದು ರಾಗ. ಒಬ್ಬ ಬಾಯಿ ತೆಗೆದರೆ ಸಾಕು, ಅವನ ಊರು ಯಾವುದು, ಅಪ್ಪ ಏನು ಮಾಡುತ್ತಿದ್ದ, ಎಂಥ ಶಾಲೆಗೆ ಹೋದ ಅಂತ ಎದುರಿನವನು ಅಂದಾಜು ಹಾಕಿಬಿಡುತ್ತಾನೆ. ಅರ್ಧ ಜೋಕು ಈ ಅಂದಾಜಿನ ಮೇಲೆಯೇ ನಿಂತಿರುತ್ತದೆ. ನಮಗೆ ಆ ರಾಗಗಳು ಬೇರೆ ಬೇರೆ ಅಂತ ಗೊತ್ತಾದರೆ ಸಾಕು, ಯಾವುದು ಎಲ್ಲಿಯದು ಅಂತ ಹೆಸರು ಹಚ್ಚುವುದು ಬೇಡ. ಉತ್ತರ ಇಂಗ್ಲೆಂಡಿನ ಬಹಳ ಕಡೆ 'ಟೀ' ಅಂದರೆ ಸಂಜೆಯ ಊಟ, ಮಧ್ಯಾಹ್ನದ್ದು 'ಡಿನ್ನರ್'. ಚಹಾಕ್ಕೆ ಕರೆದು ಊಟ ಹಾಕುತ್ತಾರೆ, ಗಾಬರಿ ಆಗಬೇಡಿ.

ಇಲ್ಲಿ ನನಗೆ ಒಂದು ಸಣ್ಣ ಸಿಟ್ಟಿದೆ, ಹೇಳಿಬಿಡುತ್ತೇನೆ. ಎಷ್ಟೋ ಕನ್ನಡ ಚಿತ್ರಗಳಲ್ಲಿ ನಮ್ಮ ಭಾಷೆ ಬಂದರೆ ಅದು ಪೆದ್ದನ ಬಾಯಲ್ಲಿ, ಇಲ್ಲಾ ಬೆಂಗಳೂರಿಗೆ ಬಂದು ದಿಕ್ಕು ತಪ್ಪಿದವನ ಬಾಯಲ್ಲಿ. ಇಂಗ್ಲೆಂಡಿನ ಉತ್ತರದವರಿಗೂ ಈ ಕಾಟ ಇತ್ತು. ಫುಲ್ ಮಾಂಟಿ ನನಗೆ ಹಿಡಿಸಿದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ ಶೆಫೀಲ್ಡ್‌ನವರು ಶೆಫೀಲ್ಡ್ ಮಾತಾಡುತ್ತಾರೆ, ನಗಿಸುತ್ತಾರೆ, ಆದರೆ ನಗು ಅವರ ಭಾಷೆಯ ಮೇಲಲ್ಲ.

ಭಾಷೆಯನ್ನೇ ಇಟ್ಟುಕೊಂಡು ಸೊಗಸಾಗಿ ಆಡಿದ ಚಿತ್ರ ಅಂದರೆ 2007ರ 'ಹಾಟ್ ಫಝ್'. ಲಂಡನ್ನಿನ ಒಬ್ಬ ಪೊಲೀಸ್ ಕೆಲಸ ತುಂಬಾ ಚೆನ್ನಾಗಿ ಮಾಡುತ್ತಾನೆ, ಅವನಿಂದ ಉಳಿದವರ ಮಾನ ಹೋಗುತ್ತಿದೆ ಅಂತ ಮೇಲಿನವರು ಅವನನ್ನು ಹಳ್ಳಿಗೆ ವರ್ಗ ಮಾಡುತ್ತಾರೆ. ಅಲ್ಲಿ ಒಬ್ಬ ಮುದಿ ರೈತ ಮಾತಾಡುತ್ತಾನೆ, ಒಂದಕ್ಷರ ತಿಳಿಯುವುದಿಲ್ಲ. ಅದನ್ನು ಒಬ್ಬ ಹಳೇ ಪೊಲೀಸ್ ಇನ್ನೊಂದು ಇಂಗ್ಲಿಷ್‌ಗೆ ತಿರುಗಿಸುತ್ತಾನೆ, ಅದೂ ತಿಳಿಯುವುದಿಲ್ಲ. ಅದನ್ನು ಮತ್ತೊಬ್ಬ ತಿರುಗಿಸಿದಾಗ ಲಂಡನ್ನಿನವನಿಗೆ ಅರ್ಥ ಆಗುತ್ತದೆ. ನಿಪ್ಪಾಣಿ ಕಡೆ ಮರಾಠಿ ಕಲೆತ ಕನ್ನಡದಲ್ಲಿ ಅಜ್ಜ ಹೇಳಿದ್ದನ್ನು ಮಗ, ಮಗ ಹೇಳಿದ್ದನ್ನು ಮೊಮ್ಮಗ ಮೈಸೂರಿನ ಸೊಸೆಗೆ ತಿಳಿಸಿ ಹೇಳುವ ಪ್ರಸಂಗ ಕಣ್ಣ ಮುಂದೆ ಬಂತು. ಈ ಚಿತ್ರ ಎರಡು ಸಲ ನೋಡಬೇಕಾದ್ದು. ಮೊದಲ ಅರ್ಧದಲ್ಲಿ ಸುಮ್ನೆ ಬಂದು ಹೋದ ಮಾತು, ವಸ್ತು, ಒಂದು ಹಂಸ ಕೂಡ, ಎರಡನೇ ಅರ್ಧದಲ್ಲಿ ಲೆಕ್ಕ ಚುಕ್ತಾ ಮಾಡಲು ವಾಪಸ್ ಬರುತ್ತವೆ. ಚಿತ್ರ ತೆಗೆದಿದ್ದು ನಿರ್ದೇಶಕ ಎಡ್ಗರ್ ರೈಟ್ ಬೆಳೆದ, ಇಂಗ್ಲೆಂಡಿನ ವೆಲ್ಸ್ ಎಂಬ ಊರಲ್ಲಿ. ಅಲ್ಲಿ ಒಂದು ಭಾರೀ ಕ್ಯಾಥೆಡ್ರಲ್ ಇದೆ, ಸಣ್ಣ ಹಳ್ಳಿ ಅಂತ ತೋರಿಸಬೇಕಿದ್ದರಿಂದ ಅದನ್ನು ಕಂಪ್ಯೂಟರ್‌ನಲ್ಲಿ ಅಳಿಸಿದರು. ವಿಜಯಪುರದಲ್ಲಿ ಶೂಟಿಂಗ್ ಮಾಡಿ ಗೋಳಗುಮ್ಮಟ ಅಳಿಸಿದ ಹಾಗೆ!

ಬಿಟ್ಟರೂ ನಡೆಯುವಂಥವು

'ಕ್ಯಾರಿ ಆನ್' ಅಂತ ಒಂದು ಸರಣಿ ಇದೆ, 1958ರಿಂದ 1992ರ ತನಕ 31 ಚಿತ್ರ. ಪೂರ್ತಿ ಡಬಲ್ ಮೀನಿಂಗ್. ಕಂಪನಿ ನಾಟಕದ ಹಾಸ್ಯ ಪಾತ್ರಧಾರಿ ಮತ್ತು ಅವನ ಜೋಡಿ ಮಾತಿಗೆ ಮಾತು ಬೆಳೆಸುವುದನ್ನು ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನೋಡಿದವರಿಗೆ ಹೊಸದೇನೂ ಇಲ್ಲ. ಎರಡು ನೋಡಿದರೆ ಸಾಕು. 1968ರ 'ಕ್ಯಾರಿ ಆನ್ ಅಪ್ ದಿ ಖೈಬರ್' ಬ್ರಿಟಿಷರು ಆಳುತ್ತಿದ್ದ ಕಾಲದ ನಮ್ಮ ದೇಶದಲ್ಲಿ ನಡೆಯುವ ಕಥೆ, ಆದರೆ ಖೈಬರ್ ಕಣಿವೆ ಅಂತ ತೋರಿಸಿದ್ದು ವೇಲ್ಸಿನ ಬೆಟ್ಟ, ಭಾರತೀಯರು ಅಂತ ನಿಂತವರು ಮುಖಕ್ಕೆ ಬಣ್ಣ ಬಳಿದ ಇಂಗ್ಲಿಷರು. ನೋಡುವಾಗ ಮೈ ಉರಿಯುತ್ತದೆ, ಉರಿಯಬೇಕು ಕೂಡ. ಆದರೆ ಕೊನೆಯ ಊಟದ ದೃಶ್ಯ ಮಾತ್ರ ಬಿಡಬೇಡಿ. ಹೊರಗೆ ತೋಪು ಹಾರುತ್ತಿದೆ, ಸೂರಿನ ಗಾರೆ ಉದುರಿ ತಟ್ಟೆಗೆ ಬೀಳುತ್ತಿದೆ, ಸಾಹೇಬರು ಮೇಡಮ್ಮುಗಳು ಏನೂ ಆಗಿಲ್ಲ ಅನ್ನುವ ಹಾಗೆ ಮಾತಾಡುತ್ತಾ ಊಟ ಮಾಡುತ್ತಾರೆ. ನಮ್ಮನ್ನು ಆಳಿದವರು ತಮ್ಮನ್ನು ತಾವೇ ಅಷ್ಟು ಚೆನ್ನಾಗಿ ಆಡಿಕೊಂಡಿದ್ದನ್ನು ನಾನು ಬೇರೆ ಕಡೆ ನೋಡಿಲ್ಲ. ನೋಡುತ್ತಾ ನಮ್ಮ ಬೆಳಗಾವಿ ಕ್ಯಾಂಪಿನ ಹಳೇ ಬಂಗಲೆಗಳು ನೆನಪಾದವು, ಅಲ್ಲೂ ಹೀಗೇ ಕೂತು ಉಂಡಿರಬೇಕು.

ಬಣ್ಣ ಬಳಿದದ್ದು ಬೇಡ, ನಿಜವಾದ ನಮ್ಮ ಕಡೆಯವರೇ ಬೇಕು ಅಂದರೆ 1999ರ 'ಈಸ್ಟ್ ಈಸ್ ಈಸ್ಟ್', 2002ರ 'ಬೆಂಡ್ ಇಟ್ ಲೈಕ್ ಬೆಕಮ್' ಇವೆ. ಅವನ್ನು ನೋಡಲು ಗೈಡ್ ಬೇಡ, ಅವುಗಳಲ್ಲಿರುವ ಅಪ್ಪ ಅವ್ವ ನಿಮಗೆ ಗೊತ್ತಿರುವವರೇ.

ಮತ್ತೆ ಆ ಕೆಟ್ಟ ಫೈಲು

ಎಂಟು ಹತ್ತು ಚಿತ್ರ ಆದ ಮೇಲೆ ಹೋಲಿ ಗ್ರೇಲ್ ಮತ್ತೆ ಹಾಕಿದೆವು. ನೀವೂ ಹಾಗೇ ಮಾಡಿ. ಸ್ವೀಡಿಷ್ ಸಬ್‌ಟೈಟಲ್ ಬಂದಾಗ ದೋಸ್ತ ರಿಮೋಟ್ ಕೆಳಗಿಟ್ಟು ಕೈ ಮುಗಿದ.

ಮಂಜಿನಲ್ಲಿ ಕುದುರೆ ಬರುವ ಸದ್ದು. ಇಂಗ್ಲಿಷರ ದಂತಕಥೆಯ ಆರ್ಥರ್ ರಾಜ ಬರುತ್ತಾನೆ, ಕುದುರೆ ಇಲ್ಲ. ರಾಜ ಕುದುರೆ ಮೇಲೆ ಕೂತವನ ಹಾಗೆ ಕುಪ್ಪಳಿಸುತ್ತಾನೆ, ಹಿಂದೆ ಸೇವಕ ಎರಡು ಹೋಳು ತೆಂಗಿನ ಚಿಪ್ಪು ಬಡಿಯುತ್ತಾನೆ. ಚಿತ್ರ ಮಾಡಿದವರ ಹತ್ತಿರ ಕುದುರೆಗೆ ದುಡ್ಡಿರಲಿಲ್ಲ. "ನಮ್ಮ ಬಯಲಾಟದಾಗೂ ಕುದುರಿ ಹಿಂಗ ಬರ್ತಿತ್ತು, ಬರೇ ಕಾಲಾಗ" ಅಂದರು ಕಾಕಾ. ಮುಂದೆ ಕೋಟೆ ಮೇಲಿನ ಕಾವಲುಗಾರ ರಾಜನಿಗೆ ದಾರಿ ಬಿಡುವ ಬದಲು, ಇಂಥ ಚಳಿ ದೇಶಕ್ಕೆ ತೆಂಗಿನಕಾಯಿ ಎಲ್ಲಿಂದ ಬಂತು ಅಂತ ಕೇಳುತ್ತಾನೆ. ಹಕ್ಕಿ ಹೊತ್ತು ತಂದಿತೇ? ಅಷ್ಟು ಸಣ್ಣ ಹಕ್ಕಿ ಅಷ್ಟು ಭಾರ ಹೇಗೆ ಹೊತ್ತೀತು? ಯಾವ ಜಾತಿ ಹಕ್ಕಿ? ಕಾವಲುಗಾರರು ಮುಖದಲ್ಲಿ ಒಂದು ಗೆರೆ ಅಲುಗಿಸದೆ ಲೆಕ್ಕ ಹಾಕುತ್ತಿದ್ದಾರೆ, ಕೆಳಗೆ ನಿಂತ ರಾಜನ ಮುಖ ನೋಡಬೇಕು ನೀವು. ತಂಗಿ ಅವತ್ತು ವಿವರಿಸಲಿಲ್ಲ, ಬರೀ ಪ್ರಶ್ನೆಯನ್ನು ಕಾಕಾಗೆ ಕನ್ನಡದಲ್ಲಿ ಹೇಳಿದಳು. "ನಮ್ಮ ಊರಿಗೆ ಎಲ್ಲಿಂದ ಬರ್ತಾವ? ತಿಪಟೂರಿಂದ ಲಾರಿಯೊಳಗ" ಅಂದರು ಕಾಕಾ, ಕಾವಲುಗಾರನಷ್ಟೇ ಗಂಭೀರವಾಗಿ. ಚಿತ್ರ ನಿಲ್ಲಿಸಿ ನಗಬೇಕಾಯಿತು.

ಕೊನೆಯ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು, ಹೇಗೆ ಮುಗಿಯುತ್ತದೆ ಅಂತ ತಿಳಿಯುವುದು ಬೇಡದವರು ಇಲ್ಲಿಗೇ ನಿಲ್ಲಿಸಿ. ದೊಡ್ಡ ಯುದ್ಧ ಶುರುವಾಗುವ ಹೊತ್ತಿಗೆ ಈಗಿನ ಕಾಲದ ಪೊಲೀಸರು ಕಾರಿನಲ್ಲಿ ಬಂದು ರಾಜನನ್ನೇ ಹಿಡಿಯುತ್ತಾರೆ, ಒಬ್ಬ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿಯುತ್ತಾನೆ, ಪರದೆ ಕಪ್ಪಾಗುತ್ತದೆ. ಹೆಸರು ಬರುವುದಿಲ್ಲ, ಶುಭಂ ಇಲ್ಲ, ಬರೀ ಆರ್ಗನ್ ವಾದ್ಯ ಬಾರಿಸುತ್ತಲೇ ಇರುತ್ತದೆ. ನಾವು ಕತ್ತಲಲ್ಲಿ ಒಂದೂವರೆ ನಿಮಿಷ ಸುಮ್ಮನೆ ಕೂತಿದ್ದೆವು.

"ಫೈಲ್ ಕೆಟ್ಟೈತಿ ಏನ್ಲೇ?" ಅಂದ ದೋಸ್ತ.

"ಏ, ಮುಗೀತು ಏಳ್ರೋ" ಅಂದರು ಕಾಕಾ, ಚಪ್ಪಲಿ ಹುಡುಕುತ್ತಾ.